ಪೊಟ್ಟಣದ ಮೇಲಿನ ದಪ್ಪಕ್ಷರ: 'ಬಲೂ ತಮ್ಮ'ನ ಪರಿಚಯ

ನಮ್ಮ ಸದಸ್ಯರಲ್ಲಿ ಹಲವರು ಈಗ ಬೆಳೆದುದನ್ನೆಲ್ಲ ಗೋಣಿಯಲ್ಲಿ ತುಂಬಿ ಮಾರುಕಟ್ಟೆಗೆ ಕಳಿಸಿ ಸುಮ್ಮನಾಗುತ್ತಿಲ್ಲ. ಕಾಫಿಯ ಒಂದು ಪಾಲನ್ನು ಹುರಿಸಿ ಪುಡಿಮಾಡಿಸಿ, ಕಾಳುಮೆಣಸನ್ನು ತೂರಿ ಆರಿಸಿ, ಕಾಲು ಕಿಲೋ, ಅರ್ಧ ಕಿಲೋ ಪೊಟ್ಟಣ ಕಟ್ಟಿ ತಮ್ಮದೇ ಹೆಸರಿನಲ್ಲಿ ಮಾರತೊಡಗಿದ್ದಾರೆ. ಪೊಟ್ಟಣದೊಳಗಿನ ಸರಕಿನ ವಿಚಾರದಲ್ಲಿ ಅವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹೊರಗಿನ ಬರಹದ ವಿಚಾರ ಬಂದಾಗ ಮಾತ್ರ, ಚೆನ್ನಾಗಿ ಕಾಣುವ ಹಾಗೆ ಏನಾದರೂ ಮಾಡಿಕೊಡಿ ಎಂದು ಪೇಟೆಯ ಮುದ್ರಣಾಲಯದವರಿಗೆ ಹೇಳಿ ಬಂದುಬಿಡುವುದು ರೂಢಿ. ವರ್ಷವಿಡೀ ದುಡಿದು ತಯಾರಿಸಿದ ಸರಕು ಕೊನೆಗೆ ಅಂಗಡಿಯ ಕಪಾಟಿನಲ್ಲಿ, ದೊಡ್ಡ ಕಂಪೆನಿಗಳ ಪೊಟ್ಟಣಗಳ ಪಕ್ಕದಲ್ಲಿ ನಿಂತು, ತನ್ನ ಹೆಸರನ್ನು ತಾನೇ ಹೇಳಿಕೊಳ್ಳಬೇಕು. ಅದು ಯಾವ ದನಿಯಲ್ಲಿ ಹೇಳುತ್ತದೆ ಎಂಬುದು ಅಕ್ಷರದ ರೂಪವನ್ನು ಅವಲಂಬಿಸಿದೆ.

ಆದುದರಿಂದ ಈ ಸಂಚಿಕೆಯಲ್ಲಿ ಗೊಬ್ಬರ, ಔಷಧಿಗಳ ವಿಚಾರವನ್ನು ಬದಿಗಿಟ್ಟು ಅಕ್ಷರದ ವಿಚಾರವನ್ನು ಎತ್ತಿಕೊಂಡಿದ್ದೇವೆ. ಕನ್ನಡದಲ್ಲಿ ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ, ದಪ್ಪನೆಯ, ದುಂಡನೆಯ, ಸ್ವಲ್ಪ ಹುಡುಗಾಟದ ಸ್ವಭಾವದ ಒಂದು ಅಕ್ಷರಮಾದರಿ ಇದೆ. ಅದರ ಹೆಸರು 'ಬಲೂ ತಮ್ಮ'. ಅದನ್ನು ಎಲ್ಲಿ ಬಳಸಿದರೆ ಲಾಭ, ಎಲ್ಲಿ ಬಳಸಿದರೆ ಕೇಡು ಎಂಬುದನ್ನು ವಿವರಿಸುವುದು ನಮ್ಮ ಉದ್ದೇಶ.

ಅಡಿಕೆಯಲ್ಲಿ ರಾಶಿ, ಬೆಟ್ಟೆ, ಗೊರಬಲು ಎಂದು ಬೇರೆ ಮಾಡುವಂತೆ ಅಚ್ಚಿನ ಅಕ್ಷರಗಳಲ್ಲಿಯೂ ವಿಂಗಡಣೆಯಿದೆ. ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಓದಿನ ಅಕ್ಷರ. ಪುಸ್ತಕ, ಪತ್ರಿಕೆ, ಈ ಲೇಖನ ಇವೆಲ್ಲ ಅದರಲ್ಲಿಯೇ ಇರುವುದು. ಓದುತ್ತಾ ಹೋದಂತೆ ಅಕ್ಷರ ಮರೆತುಹೋಗಿ ವಿಷಯ ಮಾತ್ರ ಉಳಿಯಬೇಕು. ಅದು ಅದರ ಗುಣ. ಎರಡನೆಯದು ತಲೆಬರಹದ ಅಕ್ಷರ. ಇದರ ಕೆಲಸ ತದ್ವಿರುದ್ಧ. ದೂರದಿಂದ ಕಣ್ಣನ್ನು ಎಳೆದು, ನಾಲ್ಕು ಮಾತು ಹೇಳಿ ಬಿಟ್ಟುಬಿಡಬೇಕು. ಮೊದಲನೆಯದು ಮನೆಯೊಳಗೆ ಕುಳಿತು ಆಡುವ ಮಾತಾದರೆ ಎರಡನೆಯದು ಗುಡ್ಡದ ಈ ಬದಿಯಿಂದ ಆ ಬದಿಗೆ ಹಾಕುವ ಕೂಗು. ಕೂಗಿನಲ್ಲಿ ಯಾರೂ ಕಥೆ ಹೇಳುವುದಿಲ್ಲ.

ಹೀಗೆ ಕೂಗುವ ಅಕ್ಷರ ಹುಟ್ಟಿದ್ದು ವ್ಯಾಪಾರದಿಂದಲೇ. ಅಚ್ಚಿನ ಕಲೆ ಬಂದು ಮೂರೂವರೆ ನೂರು ವರ್ಷಗಳ ಕಾಲ ಮುದ್ರಕರಿಗೆ ಪುಸ್ತಕದ ಅಕ್ಷರವೇ ಸಾಕಾಗಿತ್ತು; ದೊಡ್ಡದು ಬೇಕೆಂದರೆ ಅದನ್ನೇ ಹಿಗ್ಗಿಸುತ್ತಿದ್ದರು. 19ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಸರಕಿನ ಜಾಹೀರಾತು, ಲಾಟರಿ, ನಾಟಕಗಳ ಗೋಡೆಪತ್ರಿಕೆಗಳು ಹೆಚ್ಚಿದಾಗ ಗೆರೆಗಳನ್ನು ಬೇಕೆಂದೇ ಊದಿಸಿದ ದಪ್ಪಕ್ಷರಗಳು ಬಂದವು. ಸೀಸದಲ್ಲಿ ಎರಕ ಹೊಯ್ದ ದೊಡ್ಡ ಮೊಳೆಗಳು ಎತ್ತಲು ಭಾರ, ಕೊಳ್ಳಲು ದುಬಾರಿ. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಎಂಬಾತ ಮರದ ಅಕ್ಷರಗಳನ್ನು ಯಂತ್ರದಿಂದ ಕೊರೆಯುವ ವಿಧಾನ ಕಂಡುಹಿಡಿದ ಮೇಲೆ, ಅಂಗೈಯಗಲದ ಅಕ್ಷರಗಳು ಸಣ್ಣ ಊರಿನ ಮುದ್ರಣಾಲಯಗಳಿಗೂ ಕೈಗೆಟುಕಿದವು.

ದಪ್ಪವಾದ ಅಕ್ಷರಕ್ಕೆ ಗದರಿಸುವ ಸ್ವಭಾವ ಸಹಜ. ಅದನ್ನು ನಗುವಂತೆ ಮಾಡಿದ್ದು 20ನೆಯ ಶತಮಾನ. ಈ ಬಗೆಯಲ್ಲಿ ಎಲ್ಲರಿಗಿಂತ ಹೆಸರಾದದ್ದು 'ಕೂಪರ್ ಬ್ಲ್ಯಾಕ್' ಎಂಬ ಇಂಗ್ಲಿಷ್ ಅಕ್ಷರ. ಷಿಕಾಗೋ ನಗರದ ಆಸ್ವಾಲ್ಡ್ ಕೂಪರ್ ಬರೆದ ಇದನ್ನು ಅಲ್ಲಿಯ ಬಾರ್ನ್‌ಹಾರ್ಟ್ ಬ್ರದರ್ಸ್ ಅಂಡ್ ಸ್ಪಿಂಡ್ಲರ್ ಎಂಬ ಅಕ್ಷರ ಎರಕದ ಕಂಪೆನಿ 1922ರಲ್ಲಿ ಹೊರತಂದಿತು. ಕೂಪರ್ ಬೆಳೆದ ಊರಿನ ಹೆಸರು ಕಾನ್ಸಾಸ್ ಸಂಸ್ಥಾನದ ಕಾಫಿವಿಲ್! ನಮ್ಮ ಓದುಗರು ಹಿಗ್ಗಬೇಕಾಗಿಲ್ಲ. ಆ ಊರಿಗೆ ಕಾಫಿ ಎಂಬ ವ್ಯಾಪಾರಿಯಿಂದ ಹೆಸರು ಬಂತೇ ಹೊರತು ಗಿಡದಿಂದಲ್ಲ. ಕೂಪರ್ ಬ್ಲ್ಯಾಕ್‌ನಲ್ಲಿ ಒಂದು ಮೂಲೆಯೂ ಮೊನಚಾಗಿಲ್ಲ. ಎಲ್ಲವೂ ಹೊಟ್ಟೆ ತುಂಬಿದ ಮಗುವಿನ ಕೈಕಾಲಿನಂತೆ ದುಂಡಗೆ. ದೂರದೃಷ್ಟಿಯ ಮುದ್ರಕರು ಕಣ್ಣು ಮಂಜಾದ ಗಿರಾಕಿಗಳಿಗಾಗಿ ಇಟ್ಟುಕೊಳ್ಳಬೇಕಾದ ಅಕ್ಷರ ಎಂಬ ಅರ್ಥದ ತಮಾಷೆಯೊಂದನ್ನು ಕೂಪರನೇ ಮಾಡಿದ್ದಾನೆಂದು ಹೇಳುತ್ತಾರೆ.

ಆ ಅಕ್ಷರದ ಇನ್ನೊಂದು ಗುಣವನ್ನು ನಾವು ಗಮನಿಸತಕ್ಕದ್ದು. ಅದರ ಬುಡವೂ ದುಂಡಗಿರುವುದರಿಂದ ಸಾಲು ಕೊಂಚ ಓರೆಯಾದರೂ ಎದ್ದು ಕಾಣುವುದಿಲ್ಲ. 1960 ಮತ್ತು 70ರ ದಶಕಗಳಲ್ಲಿ ಹಾಳೆಯಿಂದ ಉಜ್ಜಿ ಅಂಟಿಸುವ ಅಕ್ಷರಗಳು ಬಂದಾಗ, ಕಸುಬು ಕಲಿಯದವರ ಕೈಯಲ್ಲಿಯೂ ಅದು ಕೆಡಲಿಲ್ಲ. ಅಂಗಡಿ ಫಲಕ, ಅಂಗಿಯ ಮೇಲಿನ ಬರಹ, ಹಾಡಿನ ತಟ್ಟೆಯ ಹೊದಿಕೆ ಎಲ್ಲಕ್ಕೂ ಅದೇ ಆಯಿತು. 1966ರಲ್ಲಿ ಬಂದ ಬೀಚ್ ಬಾಯ್ಸ್ ತಂಡದ 'ಪೆಟ್ ಸೌಂಡ್ಸ್' ಹೊದಿಕೆಯಲ್ಲಿ ಅದನ್ನು ಕಾಣಬಹುದು. 1995ರಲ್ಲಿ ಶುರುವಾದ ಈಸಿಜೆಟ್ ಎಂಬ ಅಗ್ಗದ ದರದ ವಿಮಾನ ಕಂಪೆನಿ ತನ್ನ ಹೆಸರನ್ನು ಕಿತ್ತಳೆ ಬಣ್ಣದ ಜೊತೆಯಲ್ಲಿ ಇದೇ ಅಕ್ಷರದಲ್ಲಿ ಬರೆಸಿತು. ಅಗ್ಗ, ಆದರೆ ಭಯಪಡಬೇಡಿ, ನಾವು ನಿಮ್ಮವರೇ ಎಂಬ ಭಾವ ಆ ಅಕ್ಷರದಿಂದಲೇ ಬರುತ್ತದೆ. ಅಕ್ಷರ ಮಾರಾಟ ಮಾಡುತ್ತದೆಯೇ ಎಂದು ಕೇಳುವವರಿಗೆ ಇದಕ್ಕಿಂತ ಉತ್ತಮ ಉದಾಹರಣೆ ನಮಗೆ ಕಾಣದು.

ತಮ್ಮ ಬಂದ ಬಗೆ

ಇಷ್ಟನ್ನು ಹೇಳಿದ್ದು ಇಂಗ್ಲಿಷಿನವರಿಗೆ ನೂರು ವರ್ಷಗಳಿಂದ ಇರುವ ಸೌಕರ್ಯ ನಮಗೆ ಎಷ್ಟು ತಡವಾಗಿ ಬಂತು ಎಂಬುದನ್ನು ತೋರಿಸಲು. ಕನ್ನಡದಲ್ಲಿ ದಪ್ಪಕ್ಷರ ಇರಲೇ ಇಲ್ಲವೆಂದಲ್ಲ. ಫಲಕ ಬರೆಯುವವರು, ಸಿನೆಮಾ ಗೋಡೆಪತ್ರಿಕೆಯ ಕಲಾವಿದರು, ಲಾರಿಯ ಹಿಂಭಾಗಕ್ಕೆ ಬಣ್ಣ ಹೊಡೆಯುವವರು ಕುಂಚದಿಂದ ಬಗೆಬಗೆಯಾಗಿ ಬರೆದಿದ್ದಾರೆ. ಆದರೆ ಅವು ಆಯಾ ಕೈಯೊಡನೆ ಬಂದು ಆಯಾ ಕೈಯೊಡನೆಯೇ ಹೋದವು. ಕಂಪ್ಯೂಟರು ಬಂದ ಮೇಲೆ ಬರಹ, ನುಡಿ ಮೊದಲಾದ ತಂತ್ರಾಂಶಗಳು ಕನ್ನಡಕ್ಕೆ ಮಹದುಪಕಾರ ಮಾಡಿದವು. ಆದರೂ ತಲೆಬರಹಕ್ಕೆಂದೇ ರೂಪಿಸಿದ ಅಕ್ಷರಗಳ ಕೊರತೆ ಬಹುಕಾಲ ಉಳಿದಿತ್ತು.

ಮುಂಬಯಿಯ 'ಏಕ್ ಟೈಪ್' ಎಂಬ ಅಕ್ಷರ ವಿನ್ಯಾಸಕಾರರ ಬಳಗ 2010ರ ದಶಕದ ನಡುಭಾಗದಲ್ಲಿ 'ಬಲೂ' ಎಂಬ ಅಕ್ಷರಕುಟುಂಬವನ್ನು ಹೊರತಂದಿತು. ಕಿಪ್ಲಿಂಗ್ ಬರೆದ 'ಜಂಗಲ್ ಬುಕ್' ಕಥೆಯ ಕರಡಿಯ ಹೆಸರೇ ಬಲೂ. ನಮ್ಮ 'ಭಲ್ಲೂಕ'ದ ನೆಂಟ. ಆ ಪುಸ್ತಕ ಹೊರಬಂದದ್ದು 1894ರಲ್ಲಿ. ಅದೇ ವರ್ಷ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಕಿಟ್ಟೆಲ್ಲರ ಕನ್ನಡ ನಿಘಂಟು ಹೊರಬಂತು ಎಂಬುದನ್ನು, ವಿಷಯಕ್ಕೆ ಅಷ್ಟೇನೂ ಸಂಬಂಧವಿಲ್ಲದಿದ್ದರೂ, ನೆನಪಿಸಿಕೊಳ್ಳುವ ಆಸೆಯಾಗುತ್ತದೆ. ಕರಡಿಯೂ ನಿಘಂಟೂ ಒಂದೇ ವಯಸ್ಸಿನವು.

ಈ ಕುಟುಂಬದ ವಿಶೇಷವೆಂದರೆ ಒಂಬತ್ತು ಭಾರತೀಯ ಲಿಪಿಗಳಿಗೆ ಒಂದೇ ಮೈಕಟ್ಟಿನ ಅಕ್ಷರಗಳಿರುವುದು. ಅಲ್ಲದೆ ಉರ್ದುವಿಗೂ ಒಂದುಂಟು. ಪ್ರತಿಯೊಂದರಲ್ಲಿಯೂ ಅದಕ್ಕೆ ಹೊಂದುವ ಇಂಗ್ಲಿಷ್ ಅಕ್ಷರ ಸೇರಿಯೇ ಇದೆ. ಹೆಸರುಗಳನ್ನೂ ಮನೆಯವರಂತೆ ಇಟ್ಟಿದ್ದಾರೆ. ಗುಜರಾತಿಯದು ಭಾಯಿ, ಬಂಗಾಳಿಯದು ದಾ, ಪಂಜಾಬಿಯದು ಪಾಜಿ, ಒಡಿಯಾದ್ದು ಭಾಯಿನಾ, ತಮಿಳಿನದು ತಂಬಿ, ತೆಲುಗಿನದು ತಮ್ಮುಡು, ಕನ್ನಡದ್ದು ತಮ್ಮ. ಮಲೆಯಾಳಿಗರಿಗೆ ಮಾತ್ರ ಚೇಟ್ಟನ್, ಅಂದರೆ ಅಣ್ಣ. ಕಾಸರಗೋಡಿನ ಕಡೆಯ ನಮ್ಮ ಬೆಳೆಗಾರರಿಗೆ ಹೀಗೆ ಅಣ್ಣನೂ ತಮ್ಮನೂ ಇಬ್ಬರೂ ಸಿಕ್ಕಂತಾಯಿತು.

ಮೊದಲು ಬಂದಾಗ ಬಲೂವಿಗೆ ಒಂದೇ ದಪ್ಪ ಇತ್ತು. ಆಮೇಲೆ ಬಂದ 'ಬಲೂ 2' ಎಂಬ ಎರಡನೆಯ ಆವೃತ್ತಿಯಲ್ಲಿ ಸಾಧಾರಣದಿಂದ ಹಿಡಿದು ಅತಿದಪ್ಪದವರೆಗೆ ಐದು ದಪ್ಪಗಳಿವೆ. ಈಗ ಹೊಸದಾಗಿ ತರಿಸಿಕೊಳ್ಳುವವರು 'ಬಲೂ ತಮ್ಮ 2' ಎಂಬುದನ್ನೇ ತರಿಸಿಕೊಳ್ಳುವುದು ಒಳ್ಳೆಯದು. ಕಾರಣವನ್ನು ಮುಂದೆ ಹೇಳುತ್ತೇವೆ.

ಕನ್ನಡಕ್ಕೆ ದಪ್ಪ ಏಕೆ ಕಷ್ಟ

ಇಂಗ್ಲಿಷ್ ಅಕ್ಷರಗಳು ಬೇಲಿಯ ಗೂಟಗಳ ಹಾಗೆ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಕನ್ನಡ ಹಾಗಲ್ಲ; ಅದು ನಮ್ಮ ಮಿಶ್ರತೋಟದಂತೆ. ಮೇಲೆ ತಲೆಕಟ್ಟು, ಗುಡಿಸು, ಎತ್ವಗಳು, ನಡುವೆ ಅಕ್ಷರದ ಒಡಲು, ಕೆಳಗೆ ಒತ್ತು. ಅಡಿಕೆ, ಕಾಫಿ, ಏಲಕ್ಕಿ ಒಂದರ ಕೆಳಗೊಂದು ಬೆಳೆದಂತೆ. ಎಲ್ಲವೂ ಒಮ್ಮೆಲೇ ದಪ್ಪವಾದರೆ ಏನಾಗುತ್ತದೆಂದು ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಕೆಳಕ್ಕೆ ಬೆಳಕು ಬೀಳುವುದಿಲ್ಲ. ಅಕ್ಷರಕ್ಕೆ ಬೆಳಕೆಂದರೆ ಗೆರೆಗಳ ನಡುವಿನ ಖಾಲಿ ಜಾಗ. ಓದುವ ಕಣ್ಣು ಕಪ್ಪನ್ನು ನೋಡಿದಷ್ಟೇ ಆ ಬಿಳಿಯನ್ನೂ ನೋಡುತ್ತದೆ. ಬಿಳಿ ಮುಚ್ಚಿಹೋದರೆ ಉಳಿಯುವುದು ಮಸಿಯ ಮುದ್ದೆ.

ಅದರ ಮೇಲೆ ಕನ್ನಡದಲ್ಲಿ ಎಷ್ಟೋ ಅಕ್ಷರಗಳ ವ್ಯತ್ಯಾಸ ಒಂದು ಸಣ್ಣ ಗುರುತಿನಲ್ಲಿದೆ. 'ರ'ದ ಹೊಟ್ಟೆಯಲ್ಲಿ ಒಂದು ಚುಕ್ಕೆಯಿಟ್ಟರೆ 'ಠ'. 'ಪ'ದೊಳಗೆ ಒಂದು ಗೆರೆ ಎಳೆದರೆ 'ಷ'. 'ದ'ದ ಅಡಿಯಲ್ಲಿ ಸೀಳಿದರೆ 'ಧ', 'ಡ'ದ ಅಡಿಯಲ್ಲಿ ಸೀಳಿದರೆ 'ಢ'. ನಮ್ಮ ಬೆಳೆಯ ಹೆಸರನ್ನೇ ನೋಡಿ. 'ಪ'ಕ್ಕೂ 'ಫ'ಕ್ಕೂ ಇರುವ ಅಂತರ ಅಡಿಯ ಆ ಸಣ್ಣ ಗುರುತು ಮಾತ್ರ. ಗೆರೆ ಊದಿ ಅದು ಮುಚ್ಚಿಹೋದರೆ 'ಕಾಫಿ' ಹೋಗಿ 'ಕಾಪಿ' ಉಳಿಯುತ್ತದೆ. ಮಾತಿನಲ್ಲಿ ನಾವೆಲ್ಲ ಕಾಪಿ ಎಂದೇ ಅನ್ನುವವರು. ಆದರೆ ಪೊಟ್ಟಣದ ಮೇಲೆ ಅದು ತಪ್ಪಾಗಿ ಅಚ್ಚಾದ ಸರಕಿನಂತೆ ಕಾಣುತ್ತದೆ. ಕನ್ನಡದ ಅಂಕಿಗಳಲ್ಲಿ ೬ ಮತ್ತು ೯ ಮಾಮೂಲಿ ಅಕ್ಷರದಲ್ಲಿಯೇ ಕಣ್ಣು ತಪ್ಪಿಸುವಂಥವು. ದಪ್ಪವಾದರೆ ಕೇಳಬೇಡಿ.

ಇದಕ್ಕೆ ಅಕ್ಷರ ರೂಪಿಸುವವರು ಮಾಡುವ ಉಪಾಯ ನಮ್ಮ ಮರಗಸಿಯೇ. ಎಲ್ಲ ಗೆರೆಗಳನ್ನೂ ಒಂದೇ ದಪ್ಪ ಇಡುವುದಿಲ್ಲ. ಎರಡು ಗೆರೆ ಕೂಡುವಲ್ಲಿ, ಸುರುಳಿ ಒಳಸರಿಯುವಲ್ಲಿ, ಸೀಳಿನ ಬದಿಯಲ್ಲಿ ಕಣ್ಣಿಗೆ ತಿಳಿಯದಷ್ಟು ಸವರಿ ಬೆಳಕು ಬಿಡುತ್ತಾರೆ. ದೂರದಿಂದ ನೋಡಿದರೆ ಎಲ್ಲವೂ ಸಮನಾಗಿ ದಪ್ಪ, ಹತ್ತಿರದಿಂದ ಅಳೆದರೆ ಹಾಗಿಲ್ಲ. ಮಾಮೂಲಿ ಅಕ್ಷರವನ್ನೇ ಆರಿಸಿ ಕಂಪ್ಯೂಟರಿನಲ್ಲಿ 'ಬೋಲ್ಡ್' ಗುಂಡಿ ಒತ್ತಿ, ಅಥವಾ ಸುತ್ತಲೂ ಅದೇ ಬಣ್ಣದ ಅಂಚು ಕಟ್ಟಿ ದಪ್ಪ ಮಾಡುವುದಕ್ಕೂ, ದಪ್ಪವಾಗಿಯೇ ರೂಪಿಸಿದ ಅಕ್ಷರಕ್ಕೂ ಇರುವ ವ್ಯತ್ಯಾಸ ಇದೇ. ದಪ್ಪದ ರೂಪವಿಲ್ಲದ ಅಕ್ಷರಕ್ಕೆ ಆ ಗುಂಡಿ ಒತ್ತಿದರೆ ಯಂತ್ರ ಎಲ್ಲ ಕಡೆಯೂ ಒಂದೇ ಸಮನೆ ಊದಿಸುತ್ತದೆ. ಅದಕ್ಕೆ ಮರಗಸಿ ಗೊತ್ತಿಲ್ಲ. ನಮ್ಮ ಕಡೆಯ ಎಷ್ಟೋ ಪೊಟ್ಟಣಗಳ ಮೇಲಿನ ಬರಹ ಮಂಕಾಗಿ ಕಾಣಲು ಮುಖ್ಯ ಕಾರಣ ಇದೆಂದು ನಮ್ಮ ಅಭಿಪ್ರಾಯ.

ಬಲೂ ತಮ್ಮನನ್ನು ದಪ್ಪವಾಗಿಯೇ ರೂಪಿಸಲಾಗಿದೆ. ಮೂಲೆಗಳು ಮೃದು, ಗೆರೆಗಳು ತುಂಬಿಕೊಂಡಿವೆ, ಮುಖಭಾವ ಹಗುರ. ಹಾಗೆಂದು ಕನ್ನಡದ ಸ್ವಭಾವವೇ ಬದಲಾಗುವುದಿಲ್ಲ. ಒತ್ತು ಇರುವ ಮಾತಿಗೂ ಇಲ್ಲದ ಮಾತಿಗೂ ವ್ಯತ್ಯಾಸ ಉಳಿದೇ ಉಳಿಯುತ್ತದೆ. ನಮ್ಮ ಅದೃಷ್ಟ ನೋಡಿ: ಕಾಫಿ, ಅಡಿಕೆ, ಕಾಳುಮೆಣಸು ಈ ಮೂರರಲ್ಲಿಯೂ ಒಂದೇ ಒಂದು ಒತ್ತಕ್ಷರವಿಲ್ಲ. ಎಷ್ಟು ದಪ್ಪ ಬರೆದರೂ ಸಾಲಿನ ಕೆಳಗೆ ಏನೂ ಇಳಿಯುವುದಿಲ್ಲ. ಅದರಡಿಯಲ್ಲಿಯೇ ಇನ್ನೊಂದು ಸಾಲನ್ನು ಒತ್ತಾಗಿ ಕೂರಿಸಬಹುದು. ಏಲಕ್ಕಿ, ಜೇನುತುಪ್ಪ, ದಾಲ್ಚಿನ್ನಿ ಮಾರುವವರಿಗೆ ಈ ಸೌಕರ್ಯವಿಲ್ಲ. ಅವರು ಎರಡು ಸಾಲುಗಳ ನಡುವೆ ಒಂದು ಒತ್ತಿನಷ್ಟು ಜಾಗವನ್ನು ಹೆಚ್ಚಿಗೆ ಬಿಡಲೇಬೇಕು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಎಲ್ಲಿ ಬೇಕು, ಎಲ್ಲಿ ಬೇಡ

ಪೊಟ್ಟಣದ ಮುಖದ ಮೇಲೆ ಸರಕಿನ ಹೆಸರು ಅಥವಾ ತೋಟದ ಹೆಸರು, ಎರಡರಲ್ಲಿ ಒಂದು, ಅತಿದಪ್ಪದಲ್ಲಿ ಇರಲಿ. ಎರಡನ್ನೂ ಕೂಗಿಸಿದರೆ ಎರಡೂ ಕೇಳುವುದಿಲ್ಲ. ಹೊಸದಾಗಿ ಮಾರಾಟಕ್ಕಿಳಿದವರು ತೋಟದ ಹೆಸರನ್ನು ದೊಡ್ಡದಾಗಿಸಲು ಆಸೆಪಡುವುದು ಸಹಜ, ಆದರೆ ಗಿರಾಕಿ ಹುಡುಕುತ್ತಿರುವುದು ಕಾಫಿಯನ್ನು. ನಮ್ಮ ಸಲಹೆ ಕೇಳಿದರೆ, ಮೊದಲ ಒಂದೆರಡು ವರ್ಷ ಸರಕಿನ ಹೆಸರೇ ಮುಂದಿರಲಿ. 'ಫಿಲ್ಟರ್ ಕಾಫಿ ಪುಡಿ' ಎಂಬಂಥ ಎರಡನೆಯ ಸಾಲನ್ನು ಅದೇ ಕುಟುಂಬದ ನಡುವಿನ ದಪ್ಪದಲ್ಲಿ ಕೊಟ್ಟರೆ ಹೊಂದಿಕೆಯಾಗುತ್ತದೆ. ಐದು ದಪ್ಪವಿರುವ ಎರಡನೆಯ ಆವೃತ್ತಿಯನ್ನೇ ತರಿಸಿಕೊಳ್ಳಿ ಎಂದುದು ಇದಕ್ಕಾಗಿ.

ಕನ್ನಡದ ಅಕ್ಷರ ಮೊದಲೇ ಅಗಲ. ದಪ್ಪವಾದಾಗ ಇನ್ನೂ ಅಗಲ. ಕಾಲು ಕಿಲೋ ಪೊಟ್ಟಣದ ಕಿರಿದಾದ ಮುಖದಲ್ಲಿ ಉದ್ದದ ಹೆಸರು ಹಿಡಿಸದೆ, ಮುದ್ರಣಾಲಯದವರು ಅದನ್ನು ಎಡಬಲದಿಂದ ಒತ್ತಿ ಇಕ್ಕಟ್ಟು ಮಾಡುವುದುಂಟು. ಹಾಗೆ ಒತ್ತಿದಾಗ ನಿಂತ ಗೆರೆಗಳು ತೆಳುವಾಗಿ, ಮಲಗಿದ ಗೆರೆಗಳು ದಪ್ಪವಾಗಿಯೇ ಉಳಿದು ಅಕ್ಷರದ ಸಮತೋಲ ಕೆಡುತ್ತದೆ. ಅದಕ್ಕೆ ಒಪ್ಪಬಾರದು. ಹೆಸರನ್ನು ಎರಡು ಸಾಲು ಮಾಡಿ. ಅದೂ ಆಗದಿದ್ದರೆ ಬೇರೆ ಅಕ್ಷರ ಆರಿಸಿ. ಅದೇ ಏಕ್ ಟೈಪ್ ಬಳಗ 2022ರಲ್ಲಿ ಹೊರತಂದ 'ಅನೇಕ್ ಕನ್ನಡ' ಎಂಬ ಅಕ್ಷರದಲ್ಲಿ ದಪ್ಪವಷ್ಟೇ ಅಲ್ಲದೆ ಅಗಲವನ್ನೂ ಹೆಚ್ಚುಕಡಿಮೆ ಮಾಡುವ ಏರ್ಪಾಡಿದೆ. ಆಟದ ಗುಣ ಕಡಿಮೆ, ಆದರೆ ಇಕ್ಕಟ್ಟಿನ ಜಾಗಕ್ಕೆ ಹೇಳಿ ಮಾಡಿಸಿದ್ದು.

ಪ್ಲಾಸ್ಟಿಕ್ ಪೊಟ್ಟಣದ ಮೇಲೆ ಅಚ್ಚು ಹಾಕುವಾಗ ಮಸಿ ಸ್ವಲ್ಪ ಹರಡುತ್ತದೆ. ಕಂದು ನೆಲದ ಮೇಲೆ ಬಿಳಿ ಅಕ್ಷರ ಬಿಡಿಸುವುದಾದರೆ ಹರಡುವ ಮಸಿ ಅಕ್ಷರವನ್ನೇ ತಿನ್ನುತ್ತದೆ. ತೆಳು ಅಕ್ಷರ ಇಂಥಲ್ಲಿ ಮಾಯವಾದೀತು, ದಪ್ಪಕ್ಷರ ತಡೆದುಕೊಳ್ಳುತ್ತದೆ. ಕಾಫಿ ಪೊಟ್ಟಣಗಳಿಗೆ ಕಡುಗಂದು ಬಣ್ಣವೇ ಹೆಚ್ಚು ರೂಢಿಯಲ್ಲಿರುವುದರಿಂದ ಇದು ಗಮನಿಸತಕ್ಕ ಅನುಕೂಲ. ಗೋಣಿಚೀಲದ ಮೇಲೂ ಹಾಗೆಯೇ. ಸೆಣಬಿನ ನೇಯ್ಗೆ ಸಣ್ಣ ಗೆರೆಯನ್ನು ನುಂಗಿಬಿಡುತ್ತದೆ, ದಪ್ಪ ಗೆರೆ ಉಳಿಯುತ್ತದೆ. ತಗಡಿನಲ್ಲಿ ಅಕ್ಷರ ಕತ್ತರಿಸಿ ಬಣ್ಣ ಹೊಡೆಯುವುದಾದರೆ ಮಾತ್ರ ಒಂದು ತೊಡಕು. 'ಠ'ದ ಹೊಟ್ಟೆ, ಸೊನ್ನೆಯ ನಡುವಣ ತುಂಡು ಇಂಥ ಸುತ್ತಲೂ ಮುಚ್ಚಿದ ಭಾಗಗಳು ಕತ್ತರಿಸಿದ ಕೂಡಲೇ ಕಳಚಿ ಬೀಳುತ್ತವೆ. ಅಲ್ಲಲ್ಲಿ ಸಣ್ಣ ಕಟ್ಟು ಉಳಿಸಿ ಕತ್ತರಿಸುವಂತೆ ತಗಡಿನವರಿಗೆ ಮೊದಲೇ ಹೇಳಬೇಕು.

ತೋಟದ ದಾರಿಯ ಫಲಕ, ಕೃಷಿಮೇಳದ ಮಳಿಗೆಯ ಬಟ್ಟೆ, ಮಕ್ಕಳ ಕಾರ್ಯಕ್ರಮದ ಕರಪತ್ರ ಇವೆಲ್ಲಕ್ಕೂ ತಮ್ಮ ಒದಗುತ್ತಾನೆ. ತಿಥಿಯ ಕಾಗದಕ್ಕೆ, ಸಾಲದ ನೋಟೀಸಿಗೆ ಬೇಡವೆಂದು ಹೇಳಬೇಕಾಗಿಲ್ಲ.

ಆದರೆ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಔಷಧಿ ಸಾಮಾನಿಡುವ ಕೊಟ್ಟಿಗೆಯಲ್ಲಿ, ಮೈಲುತುತ್ತಿನ ಡಬ್ಬಿಯ ಮೇಲೆ, ಕೀಟನಾಶಕದ ಕಪಾಟಿನ ಮೇಲೆ ಇಂಥ ನಗುಮುಖದ ಅಕ್ಷರವನ್ನು ಎಂದೂ ಬಳಸಬಾರದು. ದೊಡ್ಡದಾಗಿ ಕಾಣುತ್ತದಲ್ಲ ಎಂಬ ವಾದ ಇಲ್ಲಿ ಸಲ್ಲದು. ಮಿಠಾಯಿ ಪೊಟ್ಟಣದ ಅಕ್ಷರವನ್ನು ವಿಷದ ಡಬ್ಬಿಯ ಮೇಲೆ ಕಂಡ ಮಗು ಅದನ್ನು ಮಿಠಾಯಿಯ ನೆಂಟನೆಂದೇ ತಿಳಿಯುತ್ತದೆ. ಓದು ಬಾರದ ಮಗುವಿಗೂ ಅಕ್ಷರದ ಮುಖಭಾವ ತಿಳಿಯುತ್ತದೆ ಎಂಬುದೇ ಈ ಬಗೆಯ ಅಕ್ಷರದ ಶಕ್ತಿ. ಅಪಾಯವೂ ಅದರಲ್ಲಿಯೇ ಇದೆ. 1971ರ ಕೀಟನಾಶಕ ನಿಯಮಗಳಂತೆ ಕಂಪೆನಿಯವರೇ ಹಾಕಿರುವ ಕೆಂಪು, ಹಳದಿ, ನೀಲಿ, ಹಸಿರು ಗುರುತಿನ ಚೀಟಿಯನ್ನು ಕಿತ್ತು ಹಾಕದೆ ಡಬ್ಬಿಯನ್ನು ಹಾಗೆಯೇ ಇಟ್ಟುಕೊಳ್ಳುವುದು ಕ್ಷೇಮ.

ಸಣ್ಣ ಅಕ್ಷರದ ಪ್ರಾಮಾಣಿಕತೆ

ಪೊಟ್ಟಣದ ಹಿಂಬದಿಗೆ ಬರೋಣ. ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಾದ ತಿಂಗಳು, ತಯಾರಕರ ವಿಳಾಸ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ ಇವೆಲ್ಲ ಅಲ್ಲಿರಬೇಕಾದವು. ಇವುಗಳಿಗೆ ಬಲೂ ತಮ್ಮ ಬೇಡವೇ ಬೇಡ. ಅತಿದಪ್ಪದ ಅಕ್ಷರವನ್ನು ಸಣ್ಣದಾಗಿಸಿದರೆ ಮೇಲೆ ಹೇಳಿದ ಸೀಳು, ಚುಕ್ಕೆಗಳೆಲ್ಲ ಮುಚ್ಚಿ ಓದಲಾಗದು. ಇಂಥಲ್ಲಿಗೆ 'ನೋಟೊ ಸ್ಯಾನ್ಸ್ ಕನ್ನಡ'ದಂಥ ನಿರಾಡಂಬರ ಅಕ್ಷರವೇ ಸರಿ. ತೂಕದ ಅಂಕಿಯ ಎತ್ತರ ಎಷ್ಟಿರಬೇಕೆಂಬುದನ್ನು ಪೊಟ್ಟಣದ ಸರಕುಗಳ 2011ರ ನಿಯಮಗಳು ಪೊಟ್ಟಣದ ಅಳತೆಗೆ ತಕ್ಕಂತೆ ಗೊತ್ತುಮಾಡಿವೆ. ಅಚ್ಚಿಗೆ ಕೊಡುವ ಮೊದಲು ಕಾನೂನು ಮಾಪನಶಾಸ್ತ್ರ ಇಲಾಖೆಯಲ್ಲಿ ವಿಚಾರಿಸಿ ತಿಳಿದುಕೊಳ್ಳತಕ್ಕದ್ದು.

ಇನ್ನೊಂದು ವಿಷಯ ಹಲವರಿಗೆ ತಿಳಿದಿಲ್ಲ. ಕಾನೂನಿನ ವಿವರಗಳು ಇಂಗ್ಲಿಷಿನಲ್ಲಿ ಇಲ್ಲವೆ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಲೇಬೇಕು. ಅದರ ಜೊತೆಗೆ ಕನ್ನಡವನ್ನು ಸೇರಿಸಲು ಅಡ್ಡಿಯಿಲ್ಲ, ಆದರೆ ಕನ್ನಡವೊಂದೇ ಸಾಲದು. ಹೀಗಾಗಿ ನಮ್ಮ ಪೊಟ್ಟಣಗಳು ಎರಡು ಮೂರು ಲಿಪಿಗಳನ್ನು ಹೊತ್ತುಕೊಂಡೇ ಇರುತ್ತವೆ. ಮುಖದ ಮೇಲಿನ ಹೆಸರೂ ಸಾಮಾನ್ಯವಾಗಿ ಎರಡು ಭಾಷೆಗಳಲ್ಲಿರುತ್ತದೆ. ಇಂಗ್ಲಿಷ್ ಹೆಸರು ಠೀವಿಯಿಂದ ದಪ್ಪನೆ, ಅದರ ಪಕ್ಕದಲ್ಲಿ ಕನ್ನಡ ಬಡಕಲಾಗಿ, ಹೊರಗಿನಿಂದ ಬಂದವನಂತೆ ಮುದುಡಿ ನಿಂತಿರುವುದನ್ನು ಎಷ್ಟು ಕಡೆ ನೋಡಿಲ್ಲ! ಒಂದೇ ಕುಟುಂಬದ ಅಕ್ಷರ ಬಳಸಿದರೆ ಕನ್ನಡ, ಇಂಗ್ಲಿಷ್, ಹಿಂದಿ ಮೂರೂ ಒಂದೇ ಮೈಕಟ್ಟಿನಲ್ಲಿ ನಿಲ್ಲುತ್ತವೆ. ನಮ್ಮ ದೃಷ್ಟಿಯಲ್ಲಿ ಬಲೂವಿನ ದೊಡ್ಡ ಉಪಕಾರ ಇದೇ.

ಚಿಕೋರಿಯ ವಿಚಾರ ಬೇರೆಯಾಗಿಯೇ ಹೇಳಬೇಕು. ಚಿಕೋರಿ ಬೆರೆಸಿದ ಕಾಫಿಯಲ್ಲಿ ಕಾಫಿಯ ಪಾಲು ನೂರಕ್ಕೆ 51ಕ್ಕಿಂತ ಕಡಿಮೆ ಇರಕೂಡದು. ಕಾಫಿ ಎಷ್ಟು, ಚಿಕೋರಿ ಎಷ್ಟು ಎಂಬುದನ್ನು ಚೀಟಿಯ ಮೇಲೆ ತಿಳಿಸಬೇಕು. ಮುಂದೆ ದಪ್ಪಕ್ಷರದಲ್ಲಿ 'ಕಾಫಿ' ಎಂದು ಕೂಗಿ, ಚಿಕೋರಿಯ ಲೆಕ್ಕವನ್ನು ಕಂದು ನೆಲದ ಮೇಲೆ ಕಡುಗಂದು ಬಣ್ಣದಲ್ಲಿ, ಬಳುಕುವ ಅಕ್ಷರದಲ್ಲಿ ಅಡಗಿಸುವ ಜಾಣತನ ಕೆಲವು ಪೊಟ್ಟಣಗಳಲ್ಲಿ ಕಂಡುಬರುತ್ತದೆ. ದೊಡ್ಡ ಕಂಪೆನಿಗೆ ಒಬ್ಬ ಗಿರಾಕಿ ಹೋದರೆ ಹೋದ. ನಮ್ಮಂಥವರ ಸರಕನ್ನು ಕೊಳ್ಳುವವರು ಬೆಳೆದವರಿಂದಲೇ ಬಂದುದೆಂಬ ನಂಬಿಕೆಯಿಂದ ಕೊಳ್ಳುವವರು. ಮೋಸ ಹೋದೆನೆಂದು ಅವರಿಗೆ ಅನ್ನಿಸಿದರೆ ಮತ್ತೆ ಬರಲಾರರು. ಹಾಗೆಯೇ, 'ಶುದ್ಧ' ಎಂಬ ಮಾತು ಬೇರೇನೂ ಬೆರೆಸದ, ಒಂದೇ ಪದಾರ್ಥದ ಸರಕಿಗೆ ಮಾತ್ರ ಸಲ್ಲುತ್ತದೆಂದು 2018ರ ಜಾಹೀರಾತು ನಿಯಮಾವಳಿ ಹೇಳುತ್ತದೆ. ಚಿಕೋರಿ ಬೆರೆಸಿದವರು ಅದನ್ನು ಬರೆಸುವಂತಿಲ್ಲ. ಬರೆಸಬಹುದಾದವರೂ 'ದ್ಧ'ದ ಒತ್ತು ದಪ್ಪದಲ್ಲಿ ಹೇಗೆ ಬಂದಿದೆಯೆಂದು ಒಮ್ಮೆ ನೋಡಿಕೊಳ್ಳಲಿ.

ಮುದ್ರಣಾಲಯದಲ್ಲಿ ನೋಡಿಕೊಳ್ಳಬೇಕಾದದ್ದು

ಬಲೂ ತಮ್ಮ ಯೂನಿಕೋಡ್ ಅಕ್ಷರ. ನಮ್ಮ ಊರುಗಳ ಅನೇಕ ಮುದ್ರಣಾಲಯಗಳಲ್ಲಿ ಇಂದಿಗೂ ಹಳೆಯ ನುಡಿ ಫಾಂಟಿನಲ್ಲಿಯೇ ಟೈಪು ಮಾಡುವ ರೂಢಿಯಿದೆ. ಆ ಹಳೆಯ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಹಾಗೆ ಟೈಪಾದ ಬರಹಕ್ಕೆ ಬಲೂ ತಮ್ಮನನ್ನು ತೊಡಿಸಿದರೆ ತೆರೆಯ ಮೇಲೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಈ ಫಾಂಟ್ ಸರಿಯಿಲ್ಲ ಎಂದು ಅವರು ಹೇಳಿದರೆ ನಂಬಬೇಡಿ. ಬರಹವನ್ನು ಯೂನಿಕೋಡಿಗೆ ಪರಿವರ್ತಿಸಬೇಕು, ಅಥವಾ ಆ ನಾಲ್ಕು ಮಾತನ್ನು ಯೂನಿಕೋಡಿನಲ್ಲಿ ಹೊಸದಾಗಿ ಟೈಪು ಮಾಡಬೇಕು.

ಇದಕ್ಕಿಂತ ಕೆಟ್ಟದ್ದು ಒತ್ತು ಬಿಡಿಸಿಕೊಳ್ಳುವ ತೊಂದರೆ. ಪುಟ ಕಟ್ಟುವ ಹಳೆಯ ತಂತ್ರಾಂಶಗಳಿಗೆ ಭಾರತೀಯ ಲಿಪಿಗಳನ್ನು ಜೋಡಿಸಲು ಬರುವುದಿಲ್ಲ. ಆಗ 'ಏಲಕ್ಕಿ' ಎಂಬುದು 'ಏಲಕ್‌ಕಿ' ಎಂದೂ, 'ತುಪ್ಪ' ಎಂಬುದು 'ತುಪ್‌ಪ' ಎಂದೂ ಒಡೆದು ನಿಲ್ಲುತ್ತದೆ. ಹೊಸ ತಂತ್ರಾಂಶಗಳಲ್ಲಿಯೂ ಭಾರತೀಯ ಲಿಪಿಗಳ ಜೋಡಣೆಯನ್ನು ಆರಿಸಿಕೊಳ್ಳದಿದ್ದರೆ ಇದೇ ಗತಿ. ಕನ್ನಡ ಬಾರದ ಊರಿನಲ್ಲಿ ಪೊಟ್ಟಣ ಅಚ್ಚು ಹಾಕಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಅಲ್ಲಿಯವರಿಗೆ ತಪ್ಪಾಗಿದೆಯೆಂದು ತಿಳಿಯುವುದೇ ಇಲ್ಲ. ಇಡೀ ಸುರುಳಿ ಪ್ಲಾಸ್ಟಿಕ್ ಅಚ್ಚಾಗಿ ಬಂದ ಮೇಲೆ ತಿದ್ದಲು ಸಾಧ್ಯವಿಲ್ಲ, ನಷ್ಟ ಬೆಳೆಗಾರನದೇ. ಕರಡಿನಲ್ಲಿ ಎಲ್ಲವೂ ಸರಿಯೆಂದು ಕಂಡ ಮೇಲೆ, ಅಕ್ಷರಗಳನ್ನು ಚಿತ್ರರೂಪಕ್ಕೆ ಬದಲಾಯಿಸಿ ಕಳಿಸುವಂತೆ ಹೇಳಿದರೆ ಆಮೇಲೆ ಬೇರೊಂದು ಯಂತ್ರದಲ್ಲಿ ತೆರೆದಾಗ ಕೆಡುವ ಭಯವಿರುವುದಿಲ್ಲ.

ಹಣದ ವಿಚಾರ. ಈ ಅಕ್ಷರಕ್ಕೆ ಯಾರೂ ಬೆಲೆ ಕೇಳುವಂತಿಲ್ಲ. ಅದನ್ನು ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿದ್ದಾರೆ; ಗೂಗಲ್ ಫಾಂಟ್ಸ್ ಎಂಬ ತಾಣದಿಂದ ಇಳಿಸಿಕೊಳ್ಳಬಹುದು. ಪೊಟ್ಟಣ, ಫಲಕ, ಜಾಹೀರಾತು, ವ್ಯಾಪಾರಮುದ್ರೆ ಯಾವುದಕ್ಕೆ ಬೇಕಾದರೂ ಬಳಸಬಹುದು. ಊರ ಕೆರೆಯ ನೀರಿನ ಹಾಗೆ ಎಲ್ಲರಿಗೂ ಹಕ್ಕುಂಟು, ಅಕ್ಷರವನ್ನೇ ಒಂಟಿಯಾಗಿ ಮಾರಾಟಕ್ಕಿಡುವಂತಿಲ್ಲ, ಅಷ್ಟೆ. ಅದೇ ಕಾರಣಕ್ಕೆ ನಿಮ್ಮ ಪಕ್ಕದ ತೋಟದವರೂ ಅದನ್ನೇ ಆರಿಸಿಕೊಳ್ಳಬಹುದು. ಹೆಸರು, ಬಣ್ಣ, ಚಿತ್ರಗಳಲ್ಲಿ ವ್ಯತ್ಯಾಸ ತೋರಿಸಿಕೊಳ್ಳಬೇಕಾದ ಹೊಣೆ ನಿಮ್ಮದು.

ಕರಡು ಕೈಗೆ ಬಂದಾಗ ಕಂಪ್ಯೂಟರಿನ ತೆರೆಯ ಮೇಲೆ ನೋಡಿ ಒಪ್ಪಿಗೆ ಕೊಡಬೇಡಿ; ತೆರೆಯ ಮೇಲೆ ಎಲ್ಲವೂ ದೊಡ್ಡದಾಗಿ, ಹೊಳಪಾಗಿ ಕಾಣುತ್ತದೆ. ನಿಜವಾದ ಅಳತೆಯಲ್ಲಿ ಕಾಗದಕ್ಕೆ ಇಳಿಸಿ, ಒಂದು ತುಂಬಿದ ಪೊಟ್ಟಣಕ್ಕೆ ಅಂಟಿಸಿ, ಪರಿಚಯದ ಅಂಗಡಿಯ ಕಪಾಟಿನಲ್ಲಿ ಬೇರೆ ಪೊಟ್ಟಣಗಳ ನಡುವೆ ಇಟ್ಟು ಹತ್ತು ಹೆಜ್ಜೆ ಹಿಂದೆ ಸರಿದು ನೋಡಿ. ಕಣ್ಣನ್ನು ಅರೆಮುಚ್ಚಿದಾಗಲೂ ಹೆಸರು ಓದಲು ಬಂದರೆ ಮುಖದ ಕೆಲಸ ಮುಗಿಯಿತು. ಆಮೇಲೆ ಮನೆಯಲ್ಲಿ ಕನ್ನಡಕ ಹಾಕುವ ಹಿರಿಯರೊಬ್ಬರ ಕೈಗೆ ಕೊಟ್ಟು, ಕನ್ನಡಕ ತೆಗೆಸಿ, ಹಿಂಬದಿಯ ತೂಕ, ಬೆಲೆ, ಚಿಕೋರಿಯ ಪಾಲು ಇಷ್ಟನ್ನು ಗಟ್ಟಿಯಾಗಿ ಓದಿಸಿ. ಅವರು ತಡವರಿಸಿದ ಜಾಗಕ್ಕೆ ಗುರುತು ಹಾಕಿಕೊಂಡು ಮುದ್ರಣಾಲಯಕ್ಕೆ ಹೋಗಿ.